ಚಲುವಮ್ಮನ ಅಂಗಳಕ್ಕೆ ಇಳಿದ ಡ್ರೋನ್

ಬೆಳಕವಾಡಿ ಕಡೆಯ ನಮ್ಮೂರಲ್ಲಿ ಪಕ್ಕದ ಮನೆ ಚಲುವಮ್ಮನಷ್ಟು ಅನುಮಾನದ ಹೆಂಗಸು ಇನ್ನೊಬ್ಬಳಿಲ್ಲ. ಡೇರಿಯಲ್ಲಿ ಹಾಲು ಅಳೆಯುವವನ ಕೈಮೇಲಿಂದ ಕಣ್ಣು ತೆಗೆಯುವುದಿಲ್ಲ. ನೆಂಟರು ಹೇಳದೆ ಬಂದರೆ ಕಾಫಿ ಕೊಟ್ಟು, ಬಂದ ಕಾರಣ ಹೊರಬೀಳುವವರೆಗೂ ಎದುರಿಗೇ ಕೂತಿರುತ್ತಾಳೆ. ಔಷಧಿ ತರುವ ಡ್ರೋನ್ ಇಳಿಸಲು ಕಂಪನಿಯವರು ಅಂಥವಳ ಅಂಗಳವನ್ನೇ ಆರಿಸಿಕೊಂಡರು. ಮೇಲೆ ಕರೆಂಟು ತಂತಿ ಇಲ್ಲ, ಮರ ಇಲ್ಲ ಅಂದರು. ಕಾರಣ ಅದೊಂದೇ ಅಂತ ಅವಳು ನಂಬಲಿಲ್ಲ.

ಆದರೂ ಒಪ್ಪಿದಳು. ಗಂಡ ಪುಟ್ಟಮಾದಯ್ಯನಿಗೆ ಸಕ್ಕರೆ ಕಾಯಿಲೆಯಲ್ಲಿ ಒಂದು ಕಾಲು ಹೋಗಿದೆ, ಕಣ್ಣೂ ಮಂಜು. ಇನ್ಸುಲಿನ್ ತರಲು ಇವಳು ಮಳವಳ್ಳಿಗೆ ಹೋದರೆ ಅರ್ಧ ದಿನ ಅವನೊಬ್ಬನೇ. ಆ ಹೊತ್ತಿಗೆ ನಾವೆಲ್ಲ ಹೊಲದಲ್ಲಿರುತ್ತೇವೆ. ಒಮ್ಮೆ ಬಚ್ಚಲಲ್ಲಿ ಬಿದ್ದು ಹಣೆ ಒಡೆದುಕೊಂಡಿದ್ದ. ಈಗ ಇನ್ಸುಲಿನ್ ಡಬ್ಬಿ ಹಾರಿ ಬರುತ್ತಿತ್ತು, ಖಾಲಿ ಡಬ್ಬಿ ವಾಪಸು ಹೋಗುತ್ತಿತ್ತು. ಸದ್ದು ಕೇಳಿದೊಡನೆ ಚಲುವಮ್ಮ ಕೋಳಿಗಳನ್ನು ಮಂಕರಿಯಡಿ ಮುಚ್ಚಿ, ಒಣಹಾಕಿದ ಬಟ್ಟೆ ಒಳಗೆ ತಂದು, ಸೆರಗು ಹೊದ್ದು ನಿಲ್ಲುತ್ತಿದ್ದಳು.

"ಅದ್ರ ಒಟ್ಟೆ ಕೆಳಗೆ ಕಣ್ಣೈತೆ ಕಣಕ್ಕ. ನಮ್ ಮನೇದು ಏನೋ ತಕ್ಕೊಂಡೇ ಓಯ್ತದೆ," ಅನ್ನುತ್ತಿದ್ದಳು. ನಾನು ನಗುತ್ತಿದ್ದೆ.

ಅನುಮಾನ ಎಷ್ಟೇ ಇರಲಿ, ಬೇರೆಯವರ ಪಾತ್ರೆಯನ್ನು ಬರಿದಾಗಿ ಕಳಿಸುವ ಮನೆ ಅವಳದಲ್ಲ. ಒಂದು ಸಲ, ಗಂಡನ ಕೈಗೆ ಸಿಗದಂತೆ ಅಡಗಿಸಿಟ್ಟಿದ್ದ ಬೆಲ್ಲದಲ್ಲಿ ಒಂದು ಚೂರನ್ನು ಪೇಪರಿನಲ್ಲಿ ಸುತ್ತಿ ಡಬ್ಬಿಯೊಳಗಿಟ್ಟಳು.

ಮಾರನೇ ದಿನ ಕಂಪನಿಯ ಸಂತೋಷ್ ಜೀಪಿನಲ್ಲಿ ಬಂದ. ಗುತ್ತಲು ಕಡೆಯ ಹುಡುಗ. ಪ್ಲಾಸ್ಟಿಕ್ ಕವರಿನಲ್ಲಿ ಬೆಲ್ಲ ಹಿಡಿದು, "ಇದನ್ನ ಯಾರಮ್ಮ ಇಟ್ಟಿದ್ದು? ಒಳಗೇನಿದೆ?" ಎಂದ.

"ನಂಗೇನ್ ಗೊತ್ತು? ನಿಮ್ ಮಿಸಿನ್ನೇ ಕೇಳು."

"ಗೊತ್ತಾಗೋವರೆಗೂ ಡ್ರೋನ್ ಬರಲ್ಲ."

ಹಿಂದಿನ ದಿನ ಬಂದ ಇನ್ಸುಲಿನ್ ಮುಗಿದರೆ ಮತ್ತೆ ಮಳವಳ್ಳಿಯೇ ಗತಿ. ಚಲುವಮ್ಮ ಕವರು ಕಿತ್ತುಕೊಂಡು, ಬೆಲ್ಲ ಮುರಿದು ತಾನೂ ಬಾಯಿಗೆ ಹಾಕಿಕೊಂಡು ಅವನಿಗೂ ಕೊಟ್ಟಳು. "ಬರಿ ಡಬ್ಬಿ ಕಳ್ಸಕ್ಕೆ ಮನ್ಸ್ ಬರ್ನಿಲ್ಲ ಕಣಪ್ಪ."

ಸಂತೋಷ್ ತಿಂದು ನಕ್ಕ. "ಇನ್ಮೇಲೆ ಖಾಲೀನೇ ಕಳಿಸಮ್ಮ. ನಿಮ್ಮಿಂದ ನಮಗೇನೂ ಬೇಡ."

ಅವಳಿಗೆ ನಿದ್ದೆ ಕೆಡಿಸಿದ್ದು ಆ ಮಾತು. "ಏನೂ ಬ್ಯಾಡ ಅನ್ನೋನು ಇಷ್ಟ್ ದೂರ ಯಾಕ್ ಬಂದಾನು, ಏಳು ನೋಡಾನ," ಎಂದು ಸಿಕ್ಕಾಗಲೆಲ್ಲ ನನ್ನನ್ನು ಕೇಳುತ್ತಿದ್ದಳು. ಅವಳ ತಲೆ ಕೆಟ್ಟಿದೆ ಅಂದುಕೊಂಡೆ.

ಮಳೆಗಾಲ ಕಳೆದ ಮೇಲೆ ಸಂತೋಷ್ ಮತ್ತೆ ಬಂದ. ಡ್ರೋನ್ ಇಳಿಯಲು ಹಾಸಿದ್ದ ಟಾರ್ಪಾಲನ್ನು ಅಂಗಳದಿಂದ ಎತ್ತಿ ಸುತ್ತಿದ. "ಪ್ರಯೋಗ ಮುಗೀತಮ್ಮ. ಗಾಳೀಲಿ ಹೆಂಗೆ ಹಾರುತ್ತೆ, ಮಳೇಲಿ ಹೆಂಗೆ, ಎಲ್ಲಾ ಡೇಟಾ ಸಿಕ್ತು. ನಿಮ್ಮಿಂದ ತುಂಬಾ ಉಪಕಾರ ಆಯ್ತು."

"ನಿಮ್ಗೆ ಬೇಕಾದ್ದು ಸಿಕ್ತು. ನಮ್ಮೆಜಮಾನ್ರ ಇನ್ಸುಲಿನ್ನು?"

"ಮೊದಲು ತರ್ತಿದ್ರಲ್ಲಮ್ಮ, ಹಂಗೇ."

ಅವನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಚಲುವಮ್ಮ ಮಳವಳ್ಳಿಗೆ ಹೊರಟ ದಿನ ಹೊಲ ಬಿಟ್ಟು ಅವಳ ಮನೆಗೆ ಹೋದೆ. "ನೀ ಓಗ್ ಬಾ, ನಾನ್ ಇವ್ರನ್ನ ನೋಡ್ಕೊತೀನಿ" ಅಂದೆ.

ಚಲುವಮ್ಮ ನನ್ನ ಮುಖವನ್ನೇ ನೋಡಿದಳು. "ಅದ್ಕೆ ನಿಂಗೇನ್ ಬೇಕಕ್ಕ? ಈಗ್ಲೇ ಏಳ್ಬುಡು."

"ಏನೂ ಬ್ಯಾಡ ಕಣಮ್ಮ" ಅಂದೆ.

ಅವಳು ಗಂಡನನ್ನು ಮಂಚದ ಮೇಲೆ ಕೂರಿಸಿ, ನನ್ನನ್ನು ಅಂಗಳದಲ್ಲೇ ಬಿಟ್ಟು ಹೊರಗಿನಿಂದ ಬೀಗ ಹಾಕಿ, ಬಸ್ಸಿಗೆ ನಡೆದಳು.