ಹೊನ್ನಯ್ಯನ ಮೂಗು

ಮದ್ದೂರು ಸ್ಟೇಷನ್ ರಸ್ತೆಯ ಕಾಫಿಪುಡಿ ಅಂಗಡಿ ಹೊನ್ನಯ್ಯನ ಮೂಗು ಊರಿಗೇ ಹೆಸರಾಗಿತ್ತು. ಇಪ್ಪತ್ತೈದು ವರ್ಷದಲ್ಲಿ ಅವನು ಬಾಬಾಬುಡನ್‌ಗಿರಿಯ ಎತ್ತರದ ತೋಟಗಳ ಬೀಜವನ್ನಲ್ಲದೆ ಬೇರೆಯದನ್ನು ಹುರಿದವನಲ್ಲ. ಕಡೂರಿನಿಂದ ರೈಲಿನಲ್ಲಿ ಬಂದ ಮೂಟೆ ಬಿಚ್ಚಿ, ಒಂದು ಹಿಡಿ ಮೂಸಿ, "ಇದು ಗಿರೀದೇ" ಎಂದರೆ ಮುಗಿಯಿತು. ಒಕ್ಕಲು ಮನೆಯವನಿಗೆ ಇದೆಂಥ ಕಸುಬು ಎಂದು ನೆಂಟರು ಮೂತಿ ತಿರುವುತ್ತಿದ್ದರು. "ಬೀಜ ಇರೋದು ಬಿತ್ತಾಕೆ ಕಣ್ಲಾ, ಉರಿಯಾಕಲ್ಲ" ಎಂದು ಬೈದ ಸೋದರಮಾವನೇ ಹಬ್ಬ ಬಂದರೆ ಪುಡಿಗೆ ಹೇಳಿ ಕಳಿಸುತ್ತಿದ್ದ.

ಎರಡನೇ ಮಹಾಯುದ್ಧ ಶುರುವಾದ ಮರುವರ್ಷ ಹೊನ್ನಯ್ಯನಿಗೆ ವಿಷಮಶೀತ ಜ್ವರ ಬಂತು. ಜ್ವರ ಬಿಟ್ಟಿತು, ಹೋಗುವಾಗ ಮೂಗನ್ನೂ ಕೊಂಡುಹೋಯಿತು. ಮಲ್ಲಿಗೆಗೂ ಸಗಣಿಗೂ ವ್ಯತ್ಯಾಸ ತಿಳಿಯದಾಯಿತು. ಹುರಿಯುವ ಡ್ರಮ್ಮಿನಿಂದ ಬೀಜ ಇಳಿಸುವ ಹದ ಗೊತ್ತಾಗುತ್ತಿದ್ದುದೇ ವಾಸನೆಯಿಂದ; ತುಸು ತಡವಾದರೆ ಗಿರಿಯ ಬೀಜವೂ ಇದ್ದಿಲೇ. ಸುದ್ದಿ ಹೊರಬಿದ್ದರೆ ಅಂಗಡಿ ಮುಚ್ಚಬೇಕಾದೀತೆಂದು ಹೆದರಿ ಹೆಂಡತಿ ದೇವಿರಮ್ಮನಿಗೂ ಹೇಳಲಿಲ್ಲ. ಬೀಜ ಚಟಪಟ ಸಿಡಿಯುವುದನ್ನು ಕೇಳುತ್ತ, ಕಿವಿಯನ್ನೇ ನಂಬಿ ಹುರಿಯತೊಡಗಿದ.

ಒಂದೇ ಕಿರಿಕಿರಿ. ಅವನು ಹುರಿಯುವಾಗಲೇ ದೇವಿರಮ್ಮ ಹಿತ್ತಲಿಂದ ಕೂಗುವಳು. "ಎಮ್ಮೆ ಅಗ್ಗ ಬಿಚ್ಕಂಡದೆ, ಬನ್ನಿ ಇತ್ತಾಗೆ!" ಮರುದಿನ, "ಬಾವೀಗೆ ಬಿಂದ್ಗೆ ಬಿತ್ತು!" ಡ್ರಮ್ಮನ್ನು ಉರಿಯ ಮೇಲೆ ಬಿಟ್ಟು ಎದ್ದವನಲ್ಲ ಅವನು, ಗೊಣಗುತ್ತ ಬೀಜವನ್ನು ಚಾಪೆಗೆ ಸುರಿದೇ ಹೋಗುವನು. ನೋಡಿದರೆ ಎಮ್ಮೆ ಗೂಟದಲ್ಲೇ ಮೆಲುಕು ಹಾಕುತ್ತಿರುವುದು. ಹೇಗೋ, ಪುಡಿ ಮಾತ್ರ ಎಂದಿನಂತೆಯೇ ಬರುತ್ತಿತ್ತು. ನನ್ನ ಕಿವಿಯೂ ಸಾಮಾನ್ಯದ್ದಲ್ಲ ಎಂದು ಹೊನ್ನಯ್ಯ ಬೀಗಿದ.

ಆರು ತಿಂಗಳಾದ ಮೇಲೆ ದೇವಿರಮ್ಮ ತಂಗಿಯ ಬಾಣಂತನಕ್ಕೆ ಪೂರಿಗಾಲಿಗೆ ಹೋದಳು. ಇನ್ನು ಕೂಗುವವರಿಲ್ಲ ಎಂದು ಹೊನ್ನಯ್ಯ ನೆಮ್ಮದಿಯಾಗಿ ಡ್ರಮ್ಮು ತಿರುಗಿಸುತ್ತ ಕೂತ. ಪಕ್ಕದ ಮನೆಯ ಬೆಳ್ಳಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಓಡಿಬಂದಳು.

"ಅಣ್ಣೋ, ಏನ್ ಸುಡ್ತಾ ಕುಂತಿದ್ದೀಯ? ಬೀದಿಯೆಲ್ಲ ಸೀದ ವಾಸ್ನೆ!"

ಕರಿಕಾದ ಬೀಜವನ್ನು ಅವನು ಚಾಪೆಗೆ ಸುರಿದ. ಆರು ತಿಂಗಳಲ್ಲಿ ಎಮ್ಮೆ ಒಂದು ಸಲವೂ ಹಗ್ಗ ಬಿಚ್ಚಿಕೊಂಡಿರಲಿಲ್ಲ. ಬಾವಿಗೆ ಬಿಂದಿಗೆ ಬಿದ್ದಿರಲಿಲ್ಲ. ಮೊದಲು ನಾಚಿಕೆಯಾಯಿತು, ಆಮೇಲೆ ಕಣ್ಣು ತುಂಬಿತು.

ದೇವಿರಮ್ಮ ಮರಳಿದಾಗ ಡ್ರಮ್ಮಿನ ಪಕ್ಕ ಇನ್ನೊಂದು ಮಣೆ ಇತ್ತು.

"ಇನ್ಮೇಲೆ ಎಮ್ಮೆ ಅಗ್ಗ ಬಿಚ್ಕಂಡ್ರೆ ಇಲ್ಲೇ ಕುಂತ್ಕಂಡು ಯೋಳು," ಎಂದ. ಅವಳು ನಕ್ಕು ಕೂತಳು.

"ನನ್ ಮೂಗು ಓಗಿದ್ದು ಯಾವತ್ತು ಗೊತ್ತಾಯ್ತು ನಿಂಗೆ?" ಅವನು ಕೇಳಿದ.

"ಸಾರು ಸೀದೋಗಿದ್ರೂ ಸೊಲ್ಲೆತ್ತದೆ ಉಂಡ್ರಲ್ಲ, ಅವತ್ತೇ. ಈಗ ಮಾತು ಬುಡಿ, ಬೀಜ ಇಳ್ಸಿ."

ಸ್ವಾತಂತ್ರ್ಯ ಬಂದ ದಿನ ಹೊನ್ನಯ್ಯ ಬೀದಿಗೆಲ್ಲ ಕಾಫಿ ಕೊಟ್ಟ. ಕುಡಿದವರೊಬ್ಬರು, "ಮೂಗು ಅಂದ್ರೆ ನಿಂದೇ ಕಣಪ್ಪ," ಎಂದರು. ಜನ್ಮದಲ್ಲಿ ಕಾಫಿ ಮುಟ್ಟದ ದೇವಿರಮ್ಮನ ಕಡೆಗೆ ಅವನು ಕೈ ತೋರಿಸಿದ.

"ನಂದು ಓಗಿ ಏಳು ವರ್ಸ ಆಯ್ತು. ಅಗೋ, ಮಜ್ಜಿಗೆ ಕುಡೀತಾ ಕುಂತವ್ಳಲ್ಲ, ಮೂಗು ಅವಳ್ದು."