ಗುಂಡಿ ಮಿಸ್

ಹೋಳೂರಿನಾಚೆ, ಟೊಮೇಟೊ ಹೊಲಗಳ ನಡುವೆ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಿದೆ. ಅಲ್ಲಿ ಸುನಂದ ಯಾರು ಎಂದು ಕೇಳಿದರೆ ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತವೆ. ಗುಂಡಿ ಮಿಸ್ ಎಂದರೆ ಕೈಹಿಡಿದು ಕರೆದುಕೊಂಡು ಹೋಗುತ್ತವೆ. ಹತ್ತು ವರ್ಷದಿಂದ ಅವಳು ಅಲ್ಲಿ ಅತಿಥಿ ಶಿಕ್ಷಕಿ. ಹತ್ತು ವರ್ಷ ಠಿಕಾಣಿ ಹೂಡಿದವರನ್ನು ಅತಿಥಿ ಎಂದು ಕರೆಯುವುದು ಸರ್ಕಾರಕ್ಕೆ ಮಾತ್ರ ಸಾಧ್ಯ.

ಗುಂಡಿಯ ಪಾಠ ಅವಳೇ ಕಟ್ಟಿದ್ದು. ಜೂನ್ ತಿಂಗಳಲ್ಲಿ ಶಾಲೆಯ ಹಿತ್ತಿಲಲ್ಲಿ ಮಕ್ಕಳ ಕೈಯಲ್ಲೇ ಮೊಣಕಾಲುದ್ದದ ಗುಂಡಿ ತೋಡಿಸುತ್ತಾಳೆ. ಬಾಳೆಹಣ್ಣಿನ ಸಿಪ್ಪೆ, ಮಾವಿನೆಲೆ, ನೋಟುಪುಸ್ತಕದ ಹಾಳೆ, ಹತ್ತಿಬಟ್ಟೆ, ಕಬ್ಬಿಣದ ಮೊಳೆ, ಚಿಪ್ಸಿನ ಪೊಟ್ಟಣ, ಟೊಮೇಟೊ ಸಾಲಿಗೆ ಹಾಸುವ ಕಪ್ಪು ಪ್ಲಾಸ್ಟಿಕ್ಕಿನ ಚೂರು, ಎಲ್ಲವನ್ನೂ ಒಳಗಿಟ್ಟು ಮುಚ್ಚುತ್ತಾರೆ. ಸಂಕ್ರಾಂತಿ ಕಳೆದ ಮೇಲೆ ಅಗೆದು, ಮಣ್ಣು ಏನು ತಿಂತು, ಏನು ಬಿಡ್ತು ಎಂದು ಕೂಗಿ ಹೇಳಬೇಕು. ಬಿಟ್ಟಿದ್ದನ್ನೆಲ್ಲ ತೊಳೆದು ಜಗುಲಿಯ ಹಗ್ಗಕ್ಕೆ ನೇತುಹಾಕುತ್ತಾರೆ. ತಪಾಸಣೆಗೆ ಬಂದ ಅಧಿಕಾರಿಗಳು ಹಗ್ಗದ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಈ ಪಾಠ ಅವಳಿಗೆ ಎಲ್ಲಿಂದ ಹೊಳೆಯಿತು ಎಂದು ಒಬ್ಬರೂ ಕೇಳಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ ಸುನಂದಳಿಗೆ ಹೆಣ್ಣು ಮಗುವಾಗಿತ್ತು. ಎರಡೂ ಮುಕ್ಕಾಲು ಕೆಜಿ ಎಂದು ಆಸ್ಪತ್ರೆಯ ಚೀಟಿಯಲ್ಲಿ ಬರೆದಿದ್ದರು. ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದ ಮಗು ಮೂರನೆಯ ದಿನ ತೀರಿಕೊಂಡಿತು. ಜ್ವರದಲ್ಲಿ ಮಲಗಿದ್ದ ಬಾಣಂತಿಗೆ ತೋರಿಸಬಾರದೆಂದು ಗಂಡ ಕಾಂತರಾಜನೂ ಅತ್ತೆ ಮುನಿಶಾಮಮ್ಮನೂ ಊರಿಗೆ ತಂದು, ಹೊಲದ ಬದುವಿನ ಹೊಂಗೆಮರದ ಬುಡದಲ್ಲಿ ಹೂತುಬಿಟ್ಟರು. ಸುನಂದ ಮಗಳನ್ನು ಒಂದು ಸಲವೂ ಎತ್ತಿಕೊಂಡಿರಲಿಲ್ಲ.

ಮಣ್ಣಿಗೆ ಸೇರಿತು, ಮರಕ್ಕೆ ಸೇರಿತು ಎಂದು ಆಗ ಯಾರೋ ಸಮಾಧಾನಕ್ಕೆ ಅಂದಿದ್ದರು. ಅವಳು ಆ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ಯುಗಾದಿಗೆ ಹೊಂಗೆ ಚಿಗುರಿದಾಗ ಒಂದು ಎಳೆ ಎಲೆ ಕಿತ್ತು ಕೆನ್ನೆಗೆ ಒತ್ತಿಕೊಳ್ಳುವಳು. ಅವಳ ಬದುಕು ನಿಂತಿದ್ದು ಅಷ್ಟರ ಮೇಲೆಯೇ.

ಈ ಸಲ ಜನವರಿಯಲ್ಲಿ ಗುಂಡಿ ತೆರೆದಾಗ ಸಿಪ್ಪೆ ಇರಲಿಲ್ಲ, ಹಾಳೆ ಇರಲಿಲ್ಲ. ಮೊಳೆ ಮುಟ್ಟಿದರೆ ಪುಡಿಯಾಗುವಷ್ಟು ತುಕ್ಕು ಹಿಡಿದಿತ್ತು. ಎರಡನೆಯ ತರಗತಿಯ ಗಂಗಾ ತನ್ನ ತಮ್ಮನ ಹರಿದ ಕಂಬಳಿಯ ಚೂರೊಂದನ್ನು ಹಾಕಿದ್ದಳು. ಅದನ್ನು ನಲ್ಲಿಯಡಿ ಹಿಡಿದರೆ ಹೊಚ್ಚಹೊಸದರಂತೆ ಹಳದಿ ಬಣ್ಣ ಎದ್ದು ಬಂತು. ಅದರ ಮೇಲೆ ಅಚ್ಚಾಗಿದ್ದ ಬಾತುಕೋಳಿಗಳ ಕಣ್ಣು ಕೂಡ ಮಾಸಿರಲಿಲ್ಲ. ಸುನಂದ ಅದನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಏಳು ತಿಂಗಳ ಬಸುರಿಯಾಗಿದ್ದಾಗ ಕೋಲಾರದ ಪೇಟೆಯಲ್ಲಿ ಅವಳು ಕೊಂಡಿದ್ದೂ ಅಂಥದೇ ನೈಲಾನ್ ಕಂಬಳಿ. ಆಮೇಲೆ ಅದನ್ನು ಮನೆಯಲ್ಲಿ ಕಂಡದ್ದೇ ಇಲ್ಲ.

ಗಂಗಾ ಮಣ್ಣಿಗೆ ಕಿವಿಯಿಟ್ಟು ಮಲಗಿದ್ದಳು. “ಮಿಸ್, ಮಣ್ಣು ತಿನ್ನದೇ ಬಿಟ್ಟಿದ್ದು ಒಳಗಡೆ ಏನ್ ಮಾಡ್ತಿರುತ್ತೆ?”

ಹಾಗೇ ಇರುತ್ತೆ ಎನ್ನುವುದು ಪಾಠದ ಉತ್ತರ. ಹತ್ತು ವರ್ಷ ಹೇಳಿದ್ದ ಆ ಉತ್ತರವನ್ನು ಬಿಟ್ಟು ಅವಳು ನೇರ ಮನೆಗೆ ನಡೆದಳು.

ಮನೆಯಲ್ಲಿ ಮುನಿಶಾಮಮ್ಮ ನೆನೆಸಿದ ಅವರೆಕಾಳನ್ನು ಹಿದುಕುತ್ತ ಕೂತಿದ್ದಳು. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ಮಗುವನ್ನು ಯಾವುದರಲ್ಲಿ ಸುತ್ತಿ ಇಟ್ಟಿರಿ ಎಂದು ಸುನಂದ ಕೇಳಿದಳು. ಮುದುಕಿ ಕೈಯಲ್ಲಿದ್ದ ಕಾಳನ್ನು ಕೆಳಗಿಟ್ಟಳು.

“ನೀನು ತಂದಿದ್ದ ಕಂಬಳೀಲೇ. ಆಮೇಲೆ ಅದರ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟು ಜಿಪ್ ಎಳೆದ್ಬಿಟ್ಟೆ ಕಣಮ್ಮ. ಮೂರು ದಿನದ ಬಿಡ್ಡ. ಹುಳ ಮುಟ್ಟಬಾರ್ದು, ಮಣ್ಣು ಸೋಕಬಾರ್ದು ಅಂತ.”

ಪ್ರೀತಿಯಿಂದಲೇ ಮಾಡಿದ್ದು. ಅದಕ್ಕೇ ಸುನಂದಳಿಗೆ ಬೈಯಲೂ ಆಗಲಿಲ್ಲ.

ಅಂದಿನಿಂದ ಹೊಂಗೆಮರ ಅವಳ ಪಾಲಿಗೆ ಬೇರೆಯೇ ಆಯಿತು. ಶಾಲೆಯ ದಾರಿ ಅದರ ಕೆಳಗೇ ಹಾಯುತ್ತಿತ್ತು. ಗಾಳಿಯಿಲ್ಲದ ಮಟಮಟ ಮಧ್ಯಾಹ್ನ, ಒಂದೆಲೆಯೂ ಅಲುಗದಿರುವಾಗ, ಕಾಲಡಿಯಿಂದ ಪರಪರ ಸದ್ದು ಬರುತ್ತಿತ್ತು. ಯಾರೋ ಕವರಿನೊಳಗೆ ಮಗ್ಗುಲು ಬದಲಿಸಿದ ಸದ್ದು. ಅವಳು ನಿಂತರೆ ಅದೂ ನಿಲ್ಲುತ್ತಿತ್ತು. ನಾಲ್ಕು ಹೆಜ್ಜೆ ಮುಂದೆ ಹೋದರೆ ಮತ್ತೆ ಶುರು. ಹೊಲದಲ್ಲಿ ಹರಿದುಬಿದ್ದ ಪ್ಲಾಸ್ಟಿಕ್ ಇರಬೇಕೆಂದು ಬದುವಿನುದ್ದಕ್ಕೂ ಹುಡುಕಿದಳು. ಒಂದು ಚೂರೂ ಸಿಗಲಿಲ್ಲ. ಮಗಳು ಮರವಾಗಿಲ್ಲ, ಮಣ್ಣೂ ಆಗಿಲ್ಲ, ಹನ್ನೊಂದು ವರ್ಷದಿಂದ ಕತ್ತಲಲ್ಲಿ ಹಾಗೇ ಇದ್ದಾಳೆ ಎನ್ನುವುದು ಅವಳ ಎದೆಯೊಳಗೆ ಕೂತುಬಿಟ್ಟಿತು. ಊಟ ಸೇರದಾಯಿತು.

ಎರಡು ವಾರ ತಡೆದಳು. ಒಂದು ಭಾನುವಾರ ಕಾಂತರಾಜ ವೇಮಗಲ್ಲಿನ ಫ್ಯಾಕ್ಟರಿಗೆ ಹೋದ ಮೇಲೆ ಶಾಲೆಯಲ್ಲಿ ಗುಂಡಿ ತೋಡುವ ಸನಿಕೆ ಹಿಡಿದು ಮರದ ಬುಡಕ್ಕೆ ಬಂದಳು. ಮುನಿಶಾಮಮ್ಮ ಹಿಂದೆಯೇ ಬಂದಿದ್ದಳು. ಹೂತದ್ದನ್ನು ತೆಗೆಯಬಾರದು ಎಂದು ಗದರುತ್ತಾಳೆಂದುಕೊಂಡರೆ, ಮುದುಕಿ, ಅಲ್ಲಲ್ಲ, ಈ ಕಡೆ, ತಲೆ ದಕ್ಷಿಣಕ್ಕಿಟ್ಟಿದ್ದೆ ಎಂದು ಕೈ ತೋರಿಸಿದಳು.

ಮೊಣಕಾಲುದ್ದ ಅಗೆಯುವಷ್ಟರಲ್ಲಿ ಸನಿಕೆಗೆ ಅದೇ ಪರಪರ ತಗುಲಿತು. ಉಳಿದ ಮಣ್ಣನ್ನು ಬೆರಳಿನಿಂದ ಬಿಡಿಸಿದಳು. ಕವರಿನ ಮೇಲೆ ಅಂಗಡಿಯ ಹೆಸರು ಇನ್ನೂ ಓದುವ ಹಾಗಿತ್ತು. ಕವರು ಚಪ್ಪಟೆಯಾಗಿರಲಿಲ್ಲ. ಒಳಗೆ ತುಂಬಿಕೊಂಡಿತ್ತು, ಬಟ್ಟೆಯಲ್ಲಿ ಸುತ್ತಿ ಮಲಗಿಸಿದ ಕೂಸಿನಷ್ಟೇ ಉದ್ದ, ಅಷ್ಟೇ ದಪ್ಪ. ಸುನಂದಳಿಗೆ ಓಡಿಹೋಗಬೇಕೆನ್ನಿಸಿತು.

ಆಗ ಜಿಪ್ಪು ಕಣ್ಣಿಗೆ ಬಿತ್ತು. ಅದನ್ನು ಎಳೆಯುವ ಬಿಲ್ಲೆ ಕಬ್ಬಿಣದ್ದು. ಶಾಲೆಯ ಮೊಳೆಯಂತೆಯೇ ತುಕ್ಕು ತಿಂದು ಪುಡಿಯಾಗಿತ್ತು. ಅದು ಬಿಟ್ಟ ಜಾಗದಲ್ಲಿ ಹಲ್ಲುಗಳು ಬಾಯಿಬಿಟ್ಟಿದ್ದವು, ಆ ಸಂದಿನಿಂದ ಬೆರಳು ದಪ್ಪದ ಹೊಂಗೆಯ ಬೇರೊಂದು ಒಳಗೆ ಹೋಗಿತ್ತು.

ಅವಳು ಜಿಪ್ಪನ್ನು ಅಗಲಿಸಿದಳು. ಒಳಗೆ ಬೇರು, ಬರೀ ಬೇರು. ಕೂದಲೆಳೆಯಂಥ ಬಿಳಿಯ ಬೇರುಗಳು ಒಂದರೊಳಗೊಂದು ಹೆಣೆದುಕೊಂಡು, ಮಲಗಿದ್ದವಳು ಬಿಟ್ಟ ಜಾಗವನ್ನೆಲ್ಲ ತುಂಬಿದ್ದವು. ತಲೆಯಿದ್ದಲ್ಲಿ ಗುಂಡಗೆ, ಕಾಲಿದ್ದಲ್ಲಿ ಸಣ್ಣಗೆ. ನಡುನಡುವೆ ಹಳದಿ ಕಂಬಳಿಯ ಬಾತುಕೋಳಿಗಳು ಇಣುಕುತ್ತಿದ್ದವು. ಬೇರೆ ಏನೂ ಉಳಿದಿರಲಿಲ್ಲ.

ಕವರನ್ನು ಸೀಳಿ ತೆಗೆದಳು. ಕಂಬಳಿ ಬೇರಿನ ಹೆಣಿಗೆಯಲ್ಲಿ ಸೇರಿಹೋಗಿತ್ತು, ಅದನ್ನು ಬಿಡಿಸಲು ಹೋಗಲಿಲ್ಲ. ಎರಡೂ ಕೈಯಿಂದ ಎತ್ತಿದಳು. ದಪ್ಪ ಬೇರು ಮರಕ್ಕೆ ಅಂಟಿಕೊಂಡೇ ಇತ್ತು, ಮಡಿಲಿಗಿಂತ ಮೇಲಕ್ಕೆ ಬರಲೊಲ್ಲದು. ಹಾಗಾಗಿ ಗುಂಡಿಯ ಅಂಚಿನಲ್ಲೇ ಕೂತು ಮಡಿಲಿಗೆ ಎಳೆದುಕೊಂಡಳು. ಹನ್ನೊಂದು ವರ್ಷದ ಅಳು ಆಗ ಬಂತು.

ಮುನಿಶಾಮಮ್ಮ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತಳು. “ತೂಕ ಐತಾ?”

“ಐತೆ, ಅತ್ತೆ. ಎರಡೂ ಮುಕ್ಕಾಲು.”

ಬಿಸಿಲು ಇಳಿಯುವವರೆಗೂ ಇಬ್ಬರೂ ಹಾಗೇ ಕೂತಿದ್ದರು. ಆಮೇಲೆ ಸುನಂದ ಅದನ್ನು ತಲೆ ದಕ್ಷಿಣಕ್ಕೆ ಬರುವ ಹಾಗೆ ಗುಂಡಿಯಲ್ಲಿ ಮಲಗಿಸಿ ಸನಿಕೆಗೆ ಕೈಹಾಕಿದಳು. ಮುದುಕಿ ಬೇಡವೆಂದು ತಲೆಯಾಡಿಸಿ, ತಾನೇ ಬೊಗಸೆಯಲ್ಲಿ ಮಣ್ಣು ತುಂಬಿಕೊಂಡಳು.

“ಈಗ ಸೋಕ್ಲಿ ಬಿಡಮ್ಮ,” ಎಂದು ಮೆಲ್ಲಗೆ ಸುರಿದಳು.