ಮುರುಗೆಪ್ಪನವರ ಎಂಡೋಸ್ಕೋಪಿ ಬಿಲ್ಲು

ಹುಬ್ಬಳ್ಳಿ ಕಡೆಯ ಮುರುಗೆಪ್ಪನವರಿಗೆ ಚೆನ್ನೈನ ಪೋರೂರಿನಲ್ಲಿ ಹಾರ್ಡ್‌ವೇರ್ ಅಂಗಡಿ. ಚೌಕಾಸಿ ಮಾಡದೆ ಒಂದು ಮೊಳೆಯನ್ನೂ ಕೊಂಡವರಲ್ಲ. ಎದೆಯುರಿ ಬಿಡದಿದ್ದಾಗ ಹೆಂಡತಿ ಉಮಾಮಹೇಶ್ವರಿ ಅವರನ್ನು ಎಂಡೋಸ್ಕೋಪಿಗೆ ಕರೆದೊಯ್ದರು.

ಪರೀಕ್ಷೆಗೆ ನಾಲ್ಕು ಸಾವಿರ, ಮಂಪರಿನ ಇಂಜೆಕ್ಷನ್ನಿಗೆ ಎರಡು ಸಾವಿರ ಬೇರೆ ಎಂದಳು ಕೌಂಟರಿನ ಹುಡುಗಿ.

"ನಿದ್ದಿ ಮನ್ಯಾಗ ಪುಕ್ಕಟೆ ಬರ್ತದ. ಅದು ಬ್ಯಾಡ," ಎಂದರು ಮುರುಗೆಪ್ಪ.

ಹಾಗಾಗಿ ಗಂಟಲು ಮರಗಟ್ಟಿಸುವ ಸ್ಪ್ರೇ ಮಾತ್ರ ಹೊಡೆದು ಕೊಳವೆ ಇಳಿಸಿದರು. ನಡುವೆ ವೈದ್ಯರು, "ಒಂದು ಚೂರು ತೆಗೆದು ಲ್ಯಾಬಿಗೆ ಕಳಿಸಲೇ?" ಎಂದರು. ಅದಕ್ಕೆಷ್ಟೆಂದು ಕೇಳಲು ಮುರುಗೆಪ್ಪ ಎರಡು ಬೆರಳು ಉಜ್ಜಿ ತೋರಿಸಿದರು.

"ಎರಡಾ? ಸರಿ," ಎಂದು ವೈದ್ಯರು ಎರಡು ಚೂರು ತೆಗೆದರು.

ಬಿಲ್ಲಿಗೆ ಮೂರು ಸಾವಿರ ಸೇರಿತು. ಜಗಳಕ್ಕೆ ಮುರುಗೆಪ್ಪ ಬಾಯಿ ತೆರೆದರೆ ಮರಗಟ್ಟಿದ ಗಂಟಲಿನಿಂದ ಬರೀ ಗೊರಗೊರ ಸದ್ದು. ಉಮಾಮಹೇಶ್ವರಿ ಹಣ ಕಟ್ಟಿ, ಹುಡುಗಿಯನ್ನು ತಮಿಳಿನಲ್ಲಿ ಮೆಲ್ಲಗೆ ಕೇಳಿದರು: "ಆ ಸ್ಪ್ರೇ ಒಂದು ಬಾಟ್ಲಿಗೆ ಎಷ್ಟಮ್ಮಾ?"